ಇಬ್ಬರು ಗಾರ್ಡ್‌ಗಳಿರುವಾಗ ಮೂರನೆಯವನು ಏಕೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2025ರ ಡ್ರಾಫ್ಟ್ ನಡೆದಾಗ ನಮ್ಮಲ್ಲಿ ಜೂನ್ 26ರ ಬೆಳಗಿನ ಜಾವ. ಎದ್ದು ಕುಳಿತು ನೋಡಿದೆ. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದಲ್ಲಿ ಡಿಆ್ಯರನ್ ಫಾಕ್ಸ್ ಮತ್ತು ಸ್ಟೆಫಾನ್ ಕ್ಯಾಸಲ್ ಎಂಬ ಇಬ್ಬರು ಒಳ್ಳೆಯ ಗಾರ್ಡ್‌ಗಳು, ಅಂದರೆ ಚೆಂಡನ್ನು ನಡೆಸಿ ಆಟ ಕಟ್ಟುವವರು, ಆಗಲೇ ಇದ್ದರೂ ಎರಡನೆಯ ಆಯ್ಕೆಯಲ್ಲಿ ಅದು ಡಿಲನ್ ಹಾರ್ಪರ್ ಎಂಬ ಇನ್ನೊಬ್ಬ ಗಾರ್ಡನ್ನೇ ತೆಗೆದುಕೊಂಡಿತು. ಇದು ಸರಿಯೇ? ನನ್ನ ಶಾಲಾ ತಂಡದಲ್ಲಿಯೂ ಹನ್ನೆರಡನೆಯ ಸ್ಥಾನಕ್ಕೆ ಇದೇ ಇಕ್ಕಟ್ಟು ಬಂದಿದೆ. ಹತ್ತನೆಯ ತರಗತಿಯ ಇಬ್ಬರು ಗಾರ್ಡ್‌ಗಳಿದ್ದಾರೆ. ಎಂಟನೆಯ ತರಗತಿಯ ಹುಡುಗನೊಬ್ಬ ಚೆಂಡನ್ನು ಅವರಷ್ಟೇ ಚೆನ್ನಾಗಿ ನಡೆಸುತ್ತಾನೆ. ಆದರೆ ಎತ್ತರವನ್ನು ಯಾರೂ ಕಲಿಸಲಾಗದು, ಹಾಗಾಗಿ ಒಂಬತ್ತನೆಯ ತರಗತಿಯ ಎತ್ತರದ ಹುಡುಗನನ್ನೇ ತೆಗೆದುಕೊಳ್ಳಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ.
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸ್ಪರ್ಸ್ ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ನಿಮ್ಮ ಹನ್ನೆರಡನೆಯ ಸ್ಥಾನಕ್ಕೂ ಆ ಎಂಟನೆಯ ತರಗತಿಯ ಹುಡುಗನೇ ತಕ್ಕವನೆಂದು ತೋರುತ್ತದೆ, ಆದರೆ ಅಲ್ಲಿ ಒಪ್ಪುವ ಒಂದು ವಾದ ಇಲ್ಲಿ ಒಪ್ಪುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಐಪಿಎಲ್ ಹರಾಜನ್ನು ನೋಡಿ ಅಭ್ಯಾಸವಾದ ನಮಗೆ ಡ್ರಾಫ್ಟಿನ ಕ್ರಮ ಬೇಗ ಹಿಡಿತಕ್ಕೆ ಸಿಗುವುದಿಲ್ಲ. ಅಲ್ಲಿ ಆಟಗಾರನ ಮೇಲೆ ಯಾರೂ ಬೆಲೆ ಕೂಗುವುದಿಲ್ಲ. ಮೂವತ್ತು ತಂಡಗಳಿಗೆ ಎರಡು ಸುತ್ತುಗಳಲ್ಲಿ ಸರದಿ ಬರುತ್ತದೆ, ಮತ್ತು ಹಿಂದಿನ ಋತುವಿನಲ್ಲಿ ಸೋತು ಹಿಂದುಳಿದ ತಂಡಗಳಿಗೆ ಮೊದಲು ಆರಿಸುವ ಅವಕಾಶ ಹೆಚ್ಚು. ಬೇಕೆಂದೇ ಸೋಲುವುದನ್ನು ತಡೆಯಲು 1985ರಿಂದ ಲಾಟರಿ ನಡೆಸುತ್ತಾರೆ. 2025ರಲ್ಲಿ ನೂರಕ್ಕೆ ಎರಡರಷ್ಟೂ ಅವಕಾಶವಿಲ್ಲದಿದ್ದ ಡಲ್ಲಾಸ್ ತಂಡಕ್ಕೆ ಮೊದಲ ಆಯ್ಕೆ ಒಲಿದು, ಅದು ಕೂಪರ್ ಫ್ಲಾಗ್‌ನನ್ನು ಆರಿಸಿತು. ಮುಖ್ಯವಾದ ಸಂಗತಿಯೆಂದರೆ, ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಒಪ್ಪಂದದಲ್ಲಿ ಎರಡು ವರ್ಷ ಖಚಿತವಾಗಿರುತ್ತದೆ, ಇನ್ನೆರಡು ವರ್ಷ ಅವನನ್ನು ಉಳಿಸಿಕೊಳ್ಳುವುದು ತಂಡದ ಇಚ್ಛೆಗೆ ಸೇರಿರುತ್ತದೆ. ಹೀಗಾಗಿ ಹತ್ತೊಂಬತ್ತರ ಹುಡುಗನನ್ನು ಆರಿಸುವ ತಂಡ ನಾಲ್ಕು ವರ್ಷಗಳ ಲೆಕ್ಕ ಹಾಕಬೇಕೇ ಹೊರತು ಋತು ಶುರುವಾಗುವ ಅಕ್ಟೋಬರಿನಲ್ಲಿ ಯಾವ ಜಾಗ ಖಾಲಿಯಿದೆ ಎಂಬ ಲೆಕ್ಕವನ್ನಲ್ಲ.

ಖಾಲಿ ಜಾಗವನ್ನೇ ನೋಡಿ ಆರಿಸಿದವರ ಕಥೆಯನ್ನು ಬಾಸ್ಕೆಟ್‌ಬಾಲ್ ಬಲ್ಲವರೆಲ್ಲ ಬಲ್ಲರು. 1984ರಲ್ಲಿ ಪೋರ್ಟ್‌ಲ್ಯಾಂಡ್ ತಂಡದಲ್ಲಿ ಕ್ಲೈಡ್ ಡ್ರೆಕ್ಸ್‌ಲರ್ ಎಂಬ ಗಾರ್ಡ್ ಇದ್ದ, ರಿಂಗಿನ ಬಳಿ ಆಡುವ ಎತ್ತರದ ಸೆಂಟರ್ ಬೇಕಾಗಿತ್ತು. ಆದ್ದರಿಂದ ಎರಡನೆಯ ಆಯ್ಕೆಯಲ್ಲಿ ಅದು ಸ್ಯಾಮ್ ಬೋವಿಯನ್ನು ತೆಗೆದುಕೊಂಡಿತು. ಮೂರನೆಯ ಆಯ್ಕೆಯಲ್ಲಿ ಶಿಕಾಗೊಗೆ, ಮುಂದೆ ಈ ಆಟದ ಮಹಾನ್ ಆಟಗಾರನೆನಿಸಿದ ಗಾರ್ಡ್ ಮೈಕೆಲ್ ಜೋರ್ಡನ್ ಸಿಕ್ಕ. ಬೋವಿಯನ್ನು ಕಾಲಿನ ಗಾಯಗಳು ಬಿಡಲಿಲ್ಲವೆಂಬುದನ್ನೂ ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ, ಆದರೂ ಅಗತ್ಯವೆಂಬ ಒಂದೇ ಕಾರಣಕ್ಕೆ ಹೆಚ್ಚಿನ ಪ್ರತಿಭೆಯನ್ನು ಬಿಟ್ಟುಕೊಟ್ಟದ್ದು ತಪ್ಪೆಂದೇ ನಾನು ತಿಳಿಯುತ್ತೇನೆ.

ಇದಕ್ಕಿಂತ ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು ಫಾಕ್ಸ್‌ನ ಹಳೆಯ ತಂಡ ಸ್ಯಾಕ್ರಮೆಂಟೊದ ಉದಾಹರಣೆ. 2020ರಲ್ಲಿ, ಫಾಕ್ಸ್ ಅಲ್ಲಿ ಮುಖ್ಯ ಗಾರ್ಡ್ ಆಗಿದ್ದಾಗಲೇ, ಆ ತಂಡ ಹನ್ನೆರಡನೆಯ ಆಯ್ಕೆಯಲ್ಲಿ ಟೈರೀಸ್ ಹ್ಯಾಲಿಬರ್ಟನ್ ಎಂಬ ಇನ್ನೊಬ್ಬ ಗಾರ್ಡನ್ನು ಆರಿಸಿತು. ಇಬ್ಬರಿಗೂ ಚೆಂಡು ಕೈಯಲ್ಲಿರಬೇಕು. 2022ರ ಫೆಬ್ರವರಿಯಲ್ಲಿ ತಂಡ ಹ್ಯಾಲಿಬರ್ಟನ್‌ನನ್ನು ಇಂಡಿಯಾನಾಕ್ಕೆ ಕಳುಹಿಸಿ ಡೊಮಾಂಟಸ್ ಸಬೋನಿಸ್‌ನನ್ನು ಪಡೆಯಿತು. ಮರುವರ್ಷ ಸ್ಯಾಕ್ರಮೆಂಟೊ ಹದಿನಾರು ಋತುಗಳ ಬರದ ನಂತರ ಪ್ಲೇ ಆಫ್ ಪ್ರವೇಶಿಸಿತಾದ್ದರಿಂದ ಆ ಆಯ್ಕೆ ವ್ಯರ್ಥವಾಯಿತೆನ್ನಲಾಗದು. ಆದರೆ 2025ರಲ್ಲಿ ಹ್ಯಾಲಿಬರ್ಟನ್ ಇಂಡಿಯಾನಾವನ್ನು ಫೈನಲ್‌ವರೆಗೆ ಒಯ್ದ, ಅದೇ ವರ್ಷ ಫಾಕ್ಸ್ ಸ್ಯಾಕ್ರಮೆಂಟೊ ಬಿಟ್ಟು ಸ್ಪರ್ಸ್ ಸೇರಿದ. ಇಬ್ಬರನ್ನೂ ಆರಿಸಿದ್ದು ಸರಿಯಾಗಿತ್ತು; ಯಾರನ್ನು ಕಳುಹಿಸಬೇಕೆಂಬ ತೀರ್ಮಾನದಲ್ಲಿ ಆ ತಂಡ ಎಡವಿತೆಂಬುದು ನನ್ನ ಅಭಿಪ್ರಾಯ.

ಈಗ ಹಾರ್ಪರ್‌ನ ವಿಷಯ. ಐದು ಎನ್‌ಬಿಎ ಪ್ರಶಸ್ತಿಗಳನ್ನು ಗೆದ್ದ ರಾನ್ ಹಾರ್ಪರ್‌ನ ಮಗನೆಂಬುದು ಪತ್ರಿಕೆಗಳಿಗೆ ಪ್ರಿಯವಾದ ಸಂಗತಿ, ಆಯ್ಕೆಗೆ ಅದರಿಂದ ಹೆಚ್ಚೇನೂ ಇಲ್ಲ. ರಟ್ಗರ್ಸ್ ವಿಶ್ವವಿದ್ಯಾಲಯದ ಪರ ಆಡಿದ ಒಂದೇ ಋತುವಿನಲ್ಲಿ ಪಂದ್ಯಕ್ಕೆ ಹತ್ತೊಂಬತ್ತಕ್ಕಿಂತ ಹೆಚ್ಚು ಅಂಕಗಳ ಸರಾಸರಿ ತಂದವನು ಈ ಎಡಗೈ ಆಟಗಾರ. ಗಾರ್ಡ್ ಆಗಿಯೂ ದೊಡ್ಡ ಮೈಕಟ್ಟಿನವನು, ತೋಳುಗಳು ಇನ್ನೂ ಉದ್ದ. ತೋಳು ಉದ್ದವಾಗಿದ್ದರೆ ತನಗಿಂತ ಎತ್ತರದವನನ್ನೂ ಕಾಯಬಲ್ಲನಾದ್ದರಿಂದ ಮೂವರು ಗಾರ್ಡ್‌ಗಳಲ್ಲಿ ಇಬ್ಬರನ್ನು, ಕೆಲವೊಮ್ಮೆ ಮೂವರನ್ನೂ, ಒಟ್ಟಿಗೆ ಅಂಕಣಕ್ಕೆ ಇಳಿಸಲು ಸಾಧ್ಯ. ಯುವ ಗಾರ್ಡ್‌ಗಳನ್ನು ನಂಬುವುದು ಸ್ಪರ್ಸ್ ತಂಡಕ್ಕೆ ಹೊಸತೂ ಅಲ್ಲ: 2001ರಲ್ಲಿ ಇಪ್ಪತ್ತೆಂಟನೆಯ ಆಯ್ಕೆಯಲ್ಲಿ ಹತ್ತೊಂಬತ್ತರ ಟೋನಿ ಪಾರ್ಕರ್‌ನನ್ನು ತೆಗೆದುಕೊಂಡು ಅವನೊಂದಿಗೆ ನಾಲ್ಕು ಪ್ರಶಸ್ತಿಗಳನ್ನು ಗೆದ್ದ ತಂಡವದು.

ನಿಜವಾಗಿ ಯೋಚಿಸಬೇಕಾದದ್ದು ದೂರದ ಎಸೆತದ ಬಗ್ಗೆ. ಕ್ಯಾಸಲ್ ತನ್ನ ಮೊದಲ ಋತುವಿನಲ್ಲಿ ಶ್ರೇಷ್ಠ ಹೊಸ ಆಟಗಾರನೆನಿಸಿಕೊಂಡರೂ ಮೂರು ಅಂಕದ ಎಸೆತಗಳಲ್ಲಿ ನೂರಕ್ಕೆ ಮೂವತ್ತನ್ನೂ ಮುಟ್ಟಲಿಲ್ಲ. ಫಾಕ್ಸ್ ವೇಗವಾಗಿ ಒಳನುಗ್ಗುವುದಕ್ಕೆ ಹೆಸರಾದವನು. ಹಾರ್ಪರ್ ಕಾಲೇಜಿನಲ್ಲಿ ಮೂರಕ್ಕೆ ಒಂದರಂತೆ ಹಾಕಿದವನು. ಮೂವರೂ ಹೊರಗಿನಿಂದ ಹಾಕಲಾರದೆ ಹೋದರೆ ಎದುರಾಳಿಗಳು ಅವರನ್ನು ಬಿಟ್ಟು ರಿಂಗಿನ ಕೆಳಗೆ ನೆರೆಯುತ್ತಾರೆ, ಅದೇ ತಂಡದ, ಏಳಡಿ ಮೀರಿದ ವಿಕ್ಟರ್ ವೆಂಬನ್ಯಾಮನಿಗೂ ಕೈಯಾಡಿಸಲು ಜಾಗವಿರುವುದಿಲ್ಲ. ಕಾಲೇಜಿನ ಮೂರು ಅಂಕದ ಗೆರೆ 6.75 ಮೀಟರ್ ದೂರದಲ್ಲಿದ್ದರೆ ಎನ್‌ಬಿಎ ಗೆರೆ ರಿಂಗಿನ ಎದುರಿನಲ್ಲಿ 7.24 ಮೀಟರ್ ದೂರವಿರುತ್ತದೆ. ಆದ್ದರಿಂದಲೇ ಆಟಗಾರರನ್ನು ಅಳೆಯುವವರು ಎದುರಾಳಿಯ ತಪ್ಪಿಗೆ ದಂಡವಾಗಿ ಸಿಗುವ ಎಸೆತದ, ಅಂದರೆ ಫ್ರೀ ಥ್ರೋದ, ಅಂಕಿಗಳನ್ನು ಬಹಳ ನಂಬುತ್ತಾರೆ: ಆ ದೂರ ಎಲ್ಲೆಡೆಯೂ ಸುಮಾರು 4.6 ಮೀಟರೇ, ಅಡ್ಡ ಬರುವವರಿಲ್ಲ, ಕೈ ಎಷ್ಟು ಸರಿಯಿದೆಯೆಂಬುದು ಮಾತ್ರ ಕಾಣುತ್ತದೆ.

ಇನ್ನು ನಿಮ್ಮ ತಂಡ. ನಿಮ್ಮ ಇಬ್ಬರು ಗಾರ್ಡ್‌ಗಳು ಬರುವ ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದು ಶಾಲೆ ಬಿಡುತ್ತಾರೆ. ಮುಂದಿನ ಜೂನ್‌ನಲ್ಲಿ ಚೆಂಡು ನಡೆಸುವವರು ಯಾರು? ಹನ್ನೆರಡನೆಯವನು ಈ ವರ್ಷದ ಪಂದ್ಯಗಳಲ್ಲಿ ಅಂಕಣದಲ್ಲಿರುವುದು ಕೆಲವೇ ನಿಮಿಷಗಳಾದ್ದರಿಂದ ಆ ಸ್ಥಾನವನ್ನು ಮುಂದಿನ ವರ್ಷಕ್ಕಾಗಿ ಬಳಸುವುದು ಉಚಿತ. ಎತ್ತರವನ್ನು ಕಲಿಸಲಾಗದೆಂಬ ಮಾತು ನಿಜ. ಆದರೆ ಹದಿಮೂರರ ಹುಡುಗ ಇನ್ನೂ ಬೆಳೆಯುವವನು, ಮತ್ತು ಎದುರಾಳಿ ಮೈಮೇಲೆ ಬಿದ್ದಾಗಲೂ ತಲೆಯೆತ್ತಿ ಜೊತೆಗಾರನನ್ನು ಕಾಣುವ ಗುಣವೂ ಸುಲಭವಾಗಿ ಕಲಿಸಲು ಬರುವಂಥದ್ದಲ್ಲ. ಮಲೆನಾಡಿನ ಶಾಲೆಗಳಿಗೆ ಇನ್ನೊಂದು ಕಾರಣವೂ ಇದೆ. ನಮ್ಮ ಅಂಕಣಗಳು ಬಹುಪಾಲು ಬಯಲಿನವು, ಕ್ರೀಡಾಕೂಟಗಳು ಮಳೆ ಪೂರ್ತಿ ಹೊಳವಾಗುವ ಮೊದಲೇ ಶುರುವಾಗುತ್ತವೆ. ನೆನೆದ ಸಿಮೆಂಟಿನ ಮೇಲೆ, ಜಾರುವ ಚೆಂಡಿನೊಂದಿಗೆ, ಚೆಂಡು ಬಿಡದೆ ನಡೆಸಬಲ್ಲ ಮೂರನೆಯ ಹುಡುಗ ಬೆಂಚಿನಲ್ಲಿರುವುದು ದೊಡ್ಡ ಅನುಕೂಲ. ಆದರೆ ರಿಂಗಿನ ಕೆಳಗೆ ಚೆಂಡು ಹಿಡಿಯುವವರು ನಿಮ್ಮ ಹನ್ನೊಂದು ಮಂದಿಯಲ್ಲಿ ಇಬ್ಬರಾದರೂ ಇಲ್ಲವೆಂದಾದರೆ ನನ್ನ ಸಲಹೆ ಬೇರೆಯಾಗುತ್ತದೆ, ಎತ್ತರದ ಹುಡುಗನನ್ನೇ ತೆಗೆದುಕೊಳ್ಳಿ.

ಒಪ್ಪದ ವಾದವೆಂದು ಮೊದಲೇ ಹೇಳಿದ್ದು ಇದನ್ನೇ: ವೃತ್ತಿಪರ ತಂಡವೊಂದು ಹೆಚ್ಚಾದ ಗಾರ್ಡನ್ನು ಕೊಟ್ಟು ಬೇರೆ ಆಟಗಾರನನ್ನು ತರಬಹುದು, ಶಾಲೆಯಲ್ಲಿ ಅದು ಸಾಧ್ಯವಿಲ್ಲ. ತಂಡಕ್ಕೆ ಸೇರಿಸಿ ಆಡಿಸದೆ ಕೂರಿಸಿದರೆ ಆ ಹುಡುಗನ ಒಂದು ವರ್ಷ ಹಾಗೆಯೇ ಕಳೆಯುತ್ತದೆ. ಆದ್ದರಿಂದ ಅಭ್ಯಾಸದಲ್ಲಿ ಅವನನ್ನು ಹತ್ತನೆಯ ತರಗತಿಯ ಗಾರ್ಡ್ ಒಬ್ಬನ ಜೊತೆಗೇ ಆಡಿಸಿ, ಚೆಂಡು ಹಿರಿಯವನ ಕೈಯಲ್ಲಿರುವಾಗ ಇವನು ಎಲ್ಲಿ ಓಡುತ್ತಾನೆ, ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಗಮನಿಸಿ. ಅಭ್ಯಾಸ ಮುಗಿದು ಕಾಲು ಸೋತಿರುವಾಗ ಮೂವರು ಗಾರ್ಡ್‌ಗಳಿಂದಲೂ ಇಪ್ಪತ್ತು ಇಪ್ಪತ್ತು ಫ್ರೀ ಥ್ರೋ ಹಾಕಿಸಿ, ಎರಡು ವಾರ ಪುಸ್ತಕದಲ್ಲಿ ಬರೆದಿಡಿ. ಎತ್ತರದ ಹುಡುಗನಿಗೂ ಆಯ್ಕೆಯ ಕಾರಣವನ್ನು ನೀವೇ ಕರೆದು ಹೇಳಿ, ಅಭ್ಯಾಸಕ್ಕೆ ಬರುವುದನ್ನು ಅವನು ಬಿಡದಂತೆ ನೋಡಿಕೊಳ್ಳಿ. ಮುಂದಿನ ವರ್ಷ ಅವನು ಹತ್ತನೆಯ ತರಗತಿಯಲ್ಲಿರುತ್ತಾನೆ, ನಿಮಗೆ ಅವನೂ ಬೇಕಾಗುತ್ತಾನೆ.