ಮೆಶ್‌ಟಾಸ್ಟಿಕ್ ಸಾಧನಗಳು ಒಂದಕ್ಕೊಂದು ಮಾತಾಡದಿದ್ದರೆ
ಮೆಶ್‌ಟಾಸ್ಟಿಕ್ ಎಂದರೆ ಮೊಬೈಲ್ ನೆಟ್‌ವರ್ಕ್ ಇಲ್ಲದೆ ರೇಡಿಯೊ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನಗಳ ವ್ಯವಸ್ಥೆ. ಅಂಥ ಎರಡು ಸಾಧನಗಳೂ ಫೋನಿಗೆ ಜೋಡಣೆಯಾಗಿಯೂ ಒಂದರ ಸಂದೇಶ ಇನ್ನೊಂದಕ್ಕೆ ತಲುಪುತ್ತಿಲ್ಲ ಎಂದರೆ, ಬಹುತೇಕ ರೀಜನ್ (ಯಾವ ದೇಶದ ರೇಡಿಯೊ ಆವರ್ತನ ಎಂಬ ಸೆಟ್ಟಿಂಗ್) ಆರಿಸದೇ ಬಿಟ್ಟಿದ್ದೀರಿ. ಅದನ್ನು ಆರಿಸುವವರೆಗೆ ರೇಡಿಯೊ ಏನನ್ನೂ ಪ್ರಸಾರ ಮಾಡುವುದಿಲ್ಲ. ಮೊದಲು ಎರಡಕ್ಕೂ ಆಂಟೆನಾ ಬಿಗಿಯಾಗಿ ಕೂರಿಸಿ; ಅದಿಲ್ಲದೆ ಪ್ರಸಾರವಾದರೆ ರೇಡಿಯೊ ಚಿಪ್ ಸುಟ್ಟುಹೋಗಬಹುದು (ನನ್ನದೊಂದು ಹೀಗೆಯೇ ಹೋಯಿತು). ಆಮೇಲೆ ಆ್ಯಪ್‌ನ ಲೋರಾ (ಈ ಸಾಧನಗಳು ಬಳಸುವ ದೂರಗಾಮಿ ರೇಡಿಯೊ) ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಭಾರತವನ್ನು, ಅಂದರೆ 865–867 ಮೆಗಾಹರ್ಟ್ಸ್ ಅನ್ನು ಆರಿಸಿ. ಪ್ರೀಸೆಟ್ (ವೇಗ, ದೂರಗಳ ಸಿದ್ಧ ಹೊಂದಾಣಿಕೆ) ಎರಡರಲ್ಲೂ ಲಾಂಗ್‌ಫಾಸ್ಟ್ ಇರಲಿ. ಚಾನೆಲ್‌ನ ಹೆಸರು, ಕೀ (ಸಂದೇಶವನ್ನು ಗೂಢಲಿಪಿಯಾಗಿಸುವ ಕೀಲಿ) ಕೂಡ ಅಕ್ಷರಶಃ ಒಂದೇ ಆಗಿರಬೇಕು. ಪರೀಕ್ಷಿಸುವಾಗ ಒತ್ತೊತ್ತಾಗಿ ಇಡದೆ ಒಂದನ್ನು ಪಕ್ಕದ ಕೋಣೆಗೆ ಒಯ್ಯಿರಿ.

ಆಗಲೂ ಮೌನವೇ ಆದರೆ, ಇದು ಊಹೆ ಮಾತ್ರ, ಒಂದು ಸಾಧನ 433 ಮೆಗಾಹರ್ಟ್ಸ್ ಮಾದರಿಯದ್ದಾಗಿರಬಹುದು. ಬೋರ್ಡಿನ ಮೇಲಿನ ಚೀಟಿ ನೋಡಿ. ಹಾಗಿದ್ದರೆ ಯಾವ ಸೆಟ್ಟಿಂಗ್‌ನಿಂದಲೂ ಸರಿಹೋಗದು, ಮಾರಿದವರಿಗೆ ಹಿಂದಿರುಗಿಸಿ.