ಭಜನೆ ಬರುತ್ತದೆ, ಚಹಾ ಎನ್ನಲು ಬರುವುದಿಲ್ಲ

ಪ್ರಶ್ನೆ: ನಮ್ಮ ಯಜಮಾನರಿಗೆ 61 ವರ್ಷ. ಕಿರಾಣಿ ಅಂಗಡಿ ಇಟ್ಟುಕೊಂಡಿದ್ದರು. ಎಂಟು ತಿಂಗಳ ಹಿಂದೆ ಬಲಗಡೆಗೆ ಲಕ್ವ ಹೊಡೆಯಿತು. ಈಗ ಕಾಲೆಳೆದುಕೊಂಡು ನಡೆಯುತ್ತಾರೆ, ಮಾತು ಮಾತ್ರ ಮರಳಿಲ್ಲ. ಚಹಾ ಬೇಕಿದ್ದರೆ "ಕೀಲಿ, ಕೀಲಿ" ಎನ್ನುತ್ತಾರೆ. ಕೀಲಿ ಕೊಟ್ಟರೆ ಎಸೆಯುತ್ತಾರೆ. ಆದರೆ ಶನಿವಾರದ ಭಜನೆಯಲ್ಲಿ ಇಡೀ ಪದ ಹಾಡುತ್ತಾರೆ! "ಅಣ್ಣ ನಾಟಕ ಮಾಡುತ್ತಾನೆ" ಎನ್ನುತ್ತಾನೆ ಮೈದುನ. ಹೌದೇ?
— ಓದುಗರೊಬ್ಬರು, ಅಂಕೋಲಾ

ಉತ್ತರ: ನಾಟಕವಲ್ಲ ಅಕ್ಕಾ. ಮೈದುನರಿಗೂ ಇದನ್ನು ಓದಿ ಹೇಳಿ.

ಬಲಗಡೆ ಸೋತಿದೆ ಎಂದರೆ ಪೆಟ್ಟು ಬಿದ್ದಿರುವುದು ಮಿದುಳಿನ ಎಡಭಾಗಕ್ಕೆ. ಹೆಚ್ಚಿನವರಲ್ಲಿ ಮಾತಿನ ಕಾರಭಾರವೂ ಅಲ್ಲಿಯದೇ. ಈ ತೊಂದರೆಗೆ ಅಫೇಸಿಯಾ ಎನ್ನುತ್ತಾರೆ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ವಿವರಿಸಿದ ರೋಗಿ, ಏನು ಕೇಳಿದರೂ "ಟಾನ್" ಎನ್ನುತ್ತಿದ್ದ. ಸಿಟ್ಟು ಬಂದಾಗ ಮಾತ್ರ ಒಂದು ಬೈಗುಳ ಸಲೀಸಾಗಿ ಹೊರಬರುತ್ತಿತ್ತಂತೆ! ಬಾಯಿಪಾಠದ ಭಜನೆ, ವಾರದ ಹೆಸರುಗಳು, ಬೈಗುಳ ಎಲ್ಲ ತಾವಾಗಿ ಹರಿದು ಬರುವಂಥವು. ರಾಗಕ್ಕೆ ಮಿದುಳಿನ ಬಲಭಾಗದ ಆಸರೆಯೂ ಇದೆ. ಚಹಾ ಎನ್ನಬೇಕಾದರೆ ಪದವನ್ನು ಹುಡುಕಿ ತೆಗೆಯಬೇಕು. ಅವರ ಅಂಗಡಿಯನ್ನೇ ನೆನೆಸಿಕೊಳ್ಳಿ: ಸಾಮಾನೆಲ್ಲ ಇದೆ, ಡಬ್ಬಿಗಳ ಮೇಲಿನ ಚೀಟಿ ಅದಲುಬದಲಾಗಿದೆ. ಬಾಯಿಗೆ ಬಂದದ್ದು ತಪ್ಪೆಂದು ಅವರಿಗೆ ಗೊತ್ತು. ಕೀಲಿ ಎಸೆಯುವುದು ಅದಕ್ಕೇ.

"ಏನು ಬೇಕು?" ಎಂದು ಕೇಳಬೇಡಿ. ಟಿ.ವಿ. ಆರಿಸಿ, ಎದುರು ಕುಳಿತು, ಚಹಾದ ಲೋಟ, ನೀರಿನ ತಂಬಿಗೆ ಎರಡನ್ನೂ ತೋರಿಸಿ. "ಇದೋ, ಅದೋ?" ಆಮೇಲೆ ಸುಮ್ಮನಿರಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಕಷ್ಟ ಇರುವುದು ಇಲ್ಲಿಯೇ. ವಾಕ್ ಚಿಕಿತ್ಸೆಯೇ ನನ್ನ ಕಸುಬು. ಆದರೂ ನನ್ನ ತಂದೆಗೆ ಹೀಗಾದಾಗ ಅವರ ಪ್ರತಿ ಮಾತನ್ನೂ ನಾನೇ ಮುಗಿಸಿಬಿಡುತ್ತಿದ್ದೆ. ಒಂದು ಮಧ್ಯಾಹ್ನ ಬಟ್ಟಲು ದೂಡಿ ಎದ್ದುಹೋದರು, ಗಂಜಿ ನೆಲದ ಮೇಲೆ.

ಮೀನಿನವಳು ಬಂದಾಗ ಅವರನ್ನೇ ಜಗುಲಿಗೆ ಕರೆಯಿರಿ. ಬಂಗಡೆಯೋ ತಾರಲೆಯೋ, ಅವರೇ ಬೆರಳು ತೋರಿಸಲಿ, ದುಡ್ಡನ್ನೂ ಅವರೇ ಎಣಿಸಲಿ. ಮನೆಮಾತು ಕೊಂಕಣಿಯಾದರೆ ಕೊಂಕಣಿಯಲ್ಲೇ ಮಾತನಾಡಿ.

ಎಂಟು ತಿಂಗಳಾಯಿತೆಂದು ಕೈಬಿಡಬೇಡಿ, ವರ್ಷಗಳ ನಂತರವೂ ಸುಧಾರಿಸಿದವರಿದ್ದಾರೆ. ಹತ್ತಿರದಲ್ಲಿ ವಾಕ್ ಚಿಕಿತ್ಸಕರು ಸಿಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ವಿಚಾರಿಸಿ.

ಭಜನೆಯನ್ನಂತೂ ಬಿಡಿಸಬೇಡಿ. ಹಾಡನ್ನು ಹಿಡಿದು ಮಾತಿಗೆ ಬರುವ ಒಂದು ಚಿಕಿತ್ಸಾಕ್ರಮವೇ ಇದೆ. "ಚಹಾ ಬೇಕು" ಎಂಬುದನ್ನು ರಾಗವೆಳೆದು ಅವರೊಡನೆ ನೀವೂ ಹೇಳಿ, ಅವರ ಎಡಗೈ ಹಿಡಿದು ಒಂದೊಂದು ಅಕ್ಷರಕ್ಕೂ ತೊಡೆಯ ಮೇಲೆ ತಟ್ಟಿಸಿ. ಮೈದುನ ನಕ್ಕರೆ ಅವರ ಕೈಗೊಂದು ತಾಳ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ.