ಅಂತರಿಕ್ಷಕ್ಕೆ ಬೇಕಾದ್ದನ್ನು ಭೂಮಿಯಲ್ಲೇ ಮಾಡಿ ಕಳಿಸಬಾರದೇ? ಚಂದ್ರನಲ್ಲಿ ಕಾರ್ಖಾನೆ ಯಾಕೆ?

ಕಳಿಸಬಹುದು, ಆದರೆ ಭಾರ ಎತ್ತುವುದಕ್ಕೇ ದುಡ್ಡೆಲ್ಲ ಹೋಗುತ್ತದೆ. ಭೂಮಿಯ ಸೆಳೆತದಿಂದ ಪೂರ್ತಿ ಬಿಡಿಸಿಕೊಳ್ಳಲು ಸೆಕೆಂಡಿಗೆ 11.2 ಕಿ.ಮೀ. ವೇಗ ಬೇಕು. ಚಂದ್ರನಿಂದಾದರೆ ಸುಮಾರು 2.4 ಸಾಕು. ವೇಗ ಜಾಸ್ತಿಯಾದಷ್ಟೂ ಇಂಧನ ಬೇಕು, ಆ ಇಂಧನವನ್ನು ಹೊರಲು ಮತ್ತಷ್ಟು ಇಂಧನ ಬೇಕು.

ನಮ್ಮ ಮಂಗಳೂರು ಹೆಂಚನ್ನೇ ನೋಡಿ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಹೆಂಚಿನ ಕಾರ್ಖಾನೆ ಹಾಕಿದ್ದು ಜೆಪ್ಪುವಿನಲ್ಲಿ, ನೇತ್ರಾವತಿ ದಡದಲ್ಲಿ. ಜೇಡಿಮಣ್ಣು ಹತ್ತಿರವೇ ಇತ್ತು. ಮಣ್ಣು ಇದ್ದಲ್ಲೇ ಕಾರ್ಖಾನೆ ಹಾಕಿದರೆ ಭಾರ ಹೊರುವ ಕೆಲಸ ಉಳಿಯುತ್ತದೆ, ಅಲ್ವಾ? ಚಂದ್ರನಲ್ಲೂ ಅದೇ ಲೆಕ್ಕ.

ಚಂದ್ರನ ಮಣ್ಣಿನ ತೂಕದಲ್ಲಿ ಶೇ. 40ಕ್ಕಿಂತ ಜಾಸ್ತಿ ಆಮ್ಲಜನಕವೇ. ಕಬ್ಬಿಣ, ಅಲ್ಯೂಮಿನಿಯಂ, ಸಿಲಿಕಾನ್ ಕೂಡ ಇವೆ. ಚಿಪ್‌ನಂಥ ಹಗುರ ವಸ್ತು ಇಲ್ಲಿಂದಲೇ ಹೋಗಲಿ. ಗೋಡೆ, ಕಂಬದಂಥ ಭಾರದ್ದು ಅಲ್ಲೇ ತಯಾರಾಗಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.